ಒಡಪಿನ ಪುಟಕ್ಕೆ ಸಿಗದ ಹೆಸರು

ಮರೆವಂತೆ, ಯಾರಿಗೆ ಮರೆವು, ಫೋನಿನ ಮೂಲೆಯಲ್ಲಿ ಹಸಿರು ಮೈಕು ಕಾಯುತ್ತಿದೆ, ಗುಡ್ಡಪ್ಪ ಮೇಷ್ಟ್ರ ಹೆಬ್ಬೆರಳು ಅದರ ಮೇಲೆ ತೂಗುತ್ತಿದೆ, ಇನ್ನೂ ಒತ್ತಿಲ್ಲ, ಒತ್ತಿದರೆ ಮೊದಲು ಬೀಳುವುದು ಬೈಗುಳವೇ, ಬೀಳಲಿ, ಇವರಿಗೆ ಅದೇ ಬೇಕು, ನಿನ್ನೆ ಮಧ್ಯಾಹ್ನ ಉಂಡ ಪಲ್ಯ ಯಾವುದು ಅಂದರೆ ಹೆಂಡತಿಯ ಮುಖ ನೋಡುವ ಜನ ಮೇಷ್ಟ್ರಿಗೆ ಮರೆವು ಬಂದಿದೆ ಅನ್ನುತ್ತಾರೆ — ಅಕ್ಕನ ಮಗ ಈಶ್ವರ, ಅವನೇ ಬೆಳಿಗ್ಗೆ ಮನೆಯವರ ಗುಂಪಿನಲ್ಲಿ ಹಾಕಿದ್ದು, ಮಾವ, ತೊಂಬತ್ತೆಂಟರಾಗೆ ಶಿಕಾರಿಪುರದಾಗೆ ಕಂಪ್ಯೂಟರ್ ಎಲ್ಲಿತ್ತು, ಅತ್ತೆ ನಿಮ್ಮ ಹೆಸರು ಹೇಳಿದ್ದು ಕನಸಿನಾಗೇನು ಅಂತ, ಕೊನೆಗೊಂದು ಹಲ್ಲು ಕಿರಿಯುವ ಹಳದಿ ಮುಖ. ಎಲ್ಲಿತ್ತಂತೆ! ಬಸ್‌ಸ್ಟ್ಯಾಂಡಿನ ಹಿಂದೆ, ಯಲ್ಲಪ್ಪನ ಸೈಕಲ್ ಅಂಗಡಿಯ ಮಹಡಿ ಮೇಲೆ ಇತ್ತಲ್ಲೋ, ನೀನಾಗ ಬ್ಯಾಡಗಿಯ ಮೆಣಸಿನಕಾಯಿ ಮಂಡಿಯಲ್ಲಿ ಸೀನುತ್ತಾ ಕೂತಿದ್ದೆ, ನಿನಗೇನು ಗೊತ್ತು. ಎಲ್ಲ ಶುರುವಾದದ್ದು ಇವನ ಮಗಳು ಸೌಂದರ್ಯಳಿಂದ, ಮದುವೆ ಗೊತ್ತಾಗಿದೆ, ಹುಡುಗಿಗೆ ಒಡಪು ಬೇಕು, ಹೊಸ್ತಿಲಲ್ಲಿ ನಿಂತು ಗಂಡನ ಹೆಸರನ್ನು ಪದದೊಳಗೆ ಸೇರಿಸಿ ಹೇಳುವ ನಾಲ್ಕು ಸಾಲು, ಅಜ್ಜಿಯಂದಿರೆಲ್ಲ ನಿಮ್ಮ ನಿಮ್ಮದು ಕಳಿಸಿ ಅಂದಳು, ಕಳಿಸಿದರು, ಅಷ್ಟರಲ್ಲಿ ಗುಂಪಿನಲ್ಲಿ ಅಕ್ಕ ಮಹಾದೇವಮ್ಮನ ದನಿ, ವಯಸ್ಸು ಎಷ್ಟಾದರೂ ಆ ದನಿಗೆ ತುಕ್ಕು ಹಿಡಿಯಲಿಲ್ಲ, ನಮ್ಮ ತಮ್ಮನ ಹೇಂತೀನ್ನ ಕೇಳಬ್ಯಾಡ್ರವ್ವಾ, ಆಕಿ ಹೆಸರು ಹೇಳದೇನೇ ಹೊಸ್ತಿಲು ದಾಟಿದಾಕಿ. ಹೇಳಿದ್ದಾಳೆ, ನನ್ನ ಕಿವಿಯಾರೆ ಕೇಳಿದ್ದೇನೆ, ಕಂಪ್ಯೂಟರ್ ಮುಂದೆ, ಎಂದು ಮೇಷ್ಟ್ರು ಬರೆದರು, ಅದಕ್ಕೇ ಈ ಹಳದಿ ಹಲ್ಲು. ಜಗಲಿಯ ಮೇಲೆ ಹುಣಸೇಹಣ್ಣಿನ ಬೀಜ ಬಿಡಿಸುತ್ತಾ ಕೂತ ಹೆಂಡತಿ ನೀಲಾಂಬಿಕೆಯನ್ನು ಕೇಳಿದರೆ ತಲೆ ಎತ್ತದೆ, ನಾನೆಲ್ಲಿ ಹೇಳೀನಿ, ಸುಮ್ನಿರ್ರಿ, ಅನ್ನುತ್ತಾಳೆ, ಬೀಜ ತಟ್ಟೆಗೆ ಟಣ್ ಅನ್ನುತ್ತದೆ.

ಮದುವೆಯ ದಿನ ತೊಗರ್ಸಿಯ ಮನೆಯ ಆ ಬಾಗಿಲು, ಹೊಸ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು, ಎರಡೂ ಕೈ ಚಾಚಿ ಅಡ್ಡ ನಿಂತವಳು ಮಹಾದೇವಮ್ಮ, ಹೆಸರು ಹೇಳು, ಒಳಗ ಬಾ, ಜಡೆ ಅನ್ನುವ ಊರಿನಿಂದ ಬಂದ ಹುಡುಗಿ ತಲೆ ತಗ್ಗಿಸಿ ನಿಂತಿದ್ದಾಳೆ, ಪಕ್ಕದಲ್ಲಿ ಗುಡ್ಡಪ್ಪ, ಕಂಕಣ ಬಿಗಿಯಾಗಿ ಮಣಿಕಟ್ಟು ತುರಿಸುತ್ತಿದೆ, ಕೆರೆದುಕೊಳ್ಳುವ ಹಾಗಿಲ್ಲ, ಹಿಂದೆ ವಾಲಗದವರು, ಯಾರಾದರೂ ನಿಲ್ಲಿಸ್ರಪ್ಪಾ ಅನ್ನಬಾರದೇ, ಒಬ್ಬರೂ ಅನ್ನಲಿಲ್ಲ, ಡೋಲಿನವನಿಗೆ ಅದೇ ಹೊತ್ತಿಗೆ ಹುರುಪು ಬಂದುಬಿಟ್ಟಿತು, ಹುಡುಗಿಯ ತುಟಿ ಅಲುಗಿದವು — ಅಲುಗಿದ್ದನ್ನು ಅವರು ನೋಡಿದ್ದಾರೆ, ಸ್ವರ ಬರಲಿಲ್ಲ, ಬಂದಿದ್ದರೆ ಡೋಲು ನುಂಗಿತು. ಏನಂದೆ, ಅಂದಳು ಅಕ್ಕ, ಇನ್ನೊಂದು ಸಲ ಅನ್ನು, ಹಿಂದಿನಿಂದ ಯಾರೋ ಹಿರಿಯರು, ಹೊತ್ತು ಮೀರುತ್ತೆ ಬಿಡವ್ವ, ಅಂದರು, ಸೇರು ಉರುಳಿತು, ಅಕ್ಕಿ ಚೆಲ್ಲಿತು, ಹುಡುಗಿ ಒಳಗೆ. ಅಷ್ಟೇ. ಅಷ್ಟಕ್ಕೆ ಅಕ್ಕನ ನಾಲಿಗೆಗೆ ಜೀವಮಾನದ ಮೇವು ಸಿಕ್ಕಿತು, ಹಬ್ಬಕ್ಕೊಂದು ಸಲ ತೌರಿಗೆ ಬಂದಾಗ, ನಮ್ಮ ಮನಿಗೆ ಮುಫತ್ತಾಗಿ ಬಂದ ಸೊಸಿ, ಅನ್ನುವುದು, ಎಲ್ಲರೂ ನಗುವುದು, ನೀಲಾಂಬಿಕೆಯೂ ನಗುವುದು. ಗುಡ್ಡಪ್ಪನೂ ನಗುತ್ತಿದ್ದ, ಒಳಗೊಂದು ಮುಳ್ಳು ಇಟ್ಟುಕೊಂಡು, ಏಕೆಂದರೆ ಜಡೆಯವರು ಅವಳನ್ನು ಮೊದಲು ಸೊರಬದ ಕಂಪೌಂಡರ್ ಒಬ್ಬನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದರು, ಮಲ್ಲೇಶಪ್ಪ ಅಂತ, ಬಿಳಿ ಕೋಟು, ಕ್ರಾಪು, ಮಾತು ಯಾಕೋ ಮುರಿಯಿತು, ಆಮೇಲೆ ಈ ಟೈಪಿಂಗ್ ಮೇಷ್ಟ್ರು. ತುಟಿ ಅಲುಗಿದ್ದು ನಿಜ, ಅಲುಗಿದ್ದು ಯಾರ ಹೆಸರಿಗೆ, ಅಥವಾ ಬರೀ ಒಣಗಿದ ತುಟಿಯನ್ನು ಒದ್ದೆ ಮಾಡಿಕೊಂಡಳೋ, ಕೇಳುವುದು ಹೇಗೆ, ಹೆಂಡತಿಯನ್ನು ಕೂರಿಸಿಕೊಂಡು ಅವತ್ತು ನೀನು ಯಾರ ಹೆಸರು ಹೇಳಿದೆಯೇ ಅಂತ ಯಾವ ಗಂಡಸು ಕೇಳಿಯಾನು, ಕೇಳಲಿಲ್ಲ, ಮಕ್ಕಳಾದವು, ದೊಡ್ಡವಾದವು, ಅವಳು ಕರೆಯುವುದು ರೀ ಅಂತ, ಬೇರೆಯವರ ಮುಂದೆ ಇವರು ಅಂತ, ಪೋಸ್ಟ್‌ಮನ್ ಬಂದು ಗುಡ್ಡಪ್ಪನವರ ಮನೆ ಇದೇನಾ ಅಂದರೆ ಹೂಂ ಅನ್ನುವಳೇ ಹೊರತು ಗುಡ್ಡಪ್ಪ ಅನ್ನಳು.

ಯಲ್ಲಪ್ಪನ ಅಂಗಡಿಯ ಮೇಲೆ ಮೇಷ್ಟ್ರ ಟೈಪಿಂಗ್ ಶಾಲೆ, ಮಹಡಿಯ ಮೆಟ್ಟಿಲು ಹತ್ತಿದರೆ ಗ್ರೀಸಿನ ವಾಸನೆ, ಮೇಲಕ್ಕೆ ಹೋದ ಹಾಗೆ ರಿಬ್ಬನ್ನಿನ ಮಸಿಯ ವಾಸನೆ, ಟೈಪ್‌ರೈಟರುಗಳ ಸಾಲು, ಮಳೆ ಬಿದ್ದ ಹಾಗೆ ಸದ್ದು, ಎ ಎಸ್ ಡಿ ಎಫ್, ಬೆರಳು ನೋಡಬೇಡ ಪುಸ್ತಕ ನೋಡು, ಆಮೇಲೆ ಒಂದೊಂದೇ ಟೈಪ್‌ರೈಟರಿಗೆ ಮುಸುಕು ಬಿತ್ತು, ಮೂಲೆಯಲ್ಲಿ ಕಂಪ್ಯೂಟರ್ ಬಂತು, ಅದಕ್ಕೂ ಮುಸುಕು, ನೀಲಾಂಬಿಕೆ ಹಳೆಯ ರೇಷ್ಮೆ ಸೀರೆ ಕತ್ತರಿಸಿ ಹೊಲಿದದ್ದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ ಅಂತ ಬೋರ್ಡು. ಕಂಪ್ಯೂಟರಿನ ಜೊತೆ ಅದನ್ನು ಕಲಿಸಲು ಬಂದವಳು ಕ್ಷಮಾ, ಸೊರಬದಾಚೆ ಉಳವಿಯ ಹುಡುಗಿ, ಅಡಿಕೆ ತೋಟದವರ ಮಗಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು, ಚೀಲದಲ್ಲಿ ದಪ್ಪ ಪುಸ್ತಕ, ಬಾಯಿತುಂಬ ಮಾತು, ಎಂತ ಸರ್ ನೀವು, ಮೌಸನ್ನ ಹಿಡ್ಕಳಿ, ಕಚ್ಚೂದಿಲ್ಲ ಅದು. ಇಂಟರ್‌ನೆಟ್ಟು ಇರಲಿಲ್ಲ, ಅದು ಶಿವಮೊಗ್ಗದಲ್ಲೂ ಇತ್ತೋ ಇಲ್ಲವೋ, ಬ್ರೌಸರ್ ಮಾತ್ರ ಇತ್ತು, ನೆಟ್‌ಸ್ಕೇಪ್, ಮೂಲೆಯ ಎನ್ ಅಕ್ಷರದ ಹಿಂದೆ ನಕ್ಷತ್ರ ಉದುರುತ್ತಿದ್ದವು, ನಮ್ಮ ಪುಟ ನಮ್ಮ ಡಿಸ್ಕಿನಿಂದಲೇ ತೆರೆಯುವುದು, ಮದುವೆಯಿಲ್ಲದ ಚಪ್ಪರ ಅಂತ ಮೇಷ್ಟ್ರು ನಗೆಯಾಡಿದ್ದರು, ಅವಳಿಗೆ ನಗು ಬರಲಿಲ್ಲ, ಚಪ್ಪರ ಇದ್ರೆ ದಿಬ್ಬಣ ಬರ್ತದೆ ಸರ್, ಅಂದಳು. ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ಏನಾದರೂ ಹೊಸದು ಮಾಡಿಕೊಡಿ ಎಂದು ಹೆಂಗಸರು ಕೇಳಿದ್ದರು, ಕ್ಷಮಾ ಹೇಳಿದಳು, ಒಡಪಿನ ಪುಟ ಮಾಡುವಾ, ಹಳೆಯವರ ಒಡಪೆಲ್ಲ ಅದರೊಳಗೆ, ಹೊಸ ಮದುಮಗಳು ಬಂದು ತನ್ನ ಗಂಡನ ಹೆಸರು ಒತ್ತಿದರೆ ಸಾಕು, ಒಡಪಿನ ಒಳಗಿನ ಹಳೆಯ ಗಂಡನನ್ನ ತೆಗೆದು ಹೊಸ ಗಂಡನನ್ನ ಕೂರಿಸ್ತದೆ. ಮೇಷ್ಟ್ರು ಅಂದರು, ಅಮ್ಮಾ, ಮೆಲ್ಲಗೆ ಹೇಳು, ಕೆಳಗೆ ಯಲ್ಲಪ್ಪ ಇದಾನೆ.

ಹೊಸಬನನ್ನು ಕೂರಿಸುವುದು ಸುಲಭ, ಹಳೆಯವನನ್ನು ಹುಡುಕುವುದೇ ಕಷ್ಟ, ಮಾತಿನ ಮಧ್ಯೆ ಹೆಸರು ಯಾವುದು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು, ಅದಕ್ಕೆ ಒಂದು ವಿದ್ಯೆ ಇದೆ ಸರ್, ಪ್ಯಾಟರ್ನ್ ಬರೆಯೂದು, ಇದು ಅಕ್ಷರ ಹುಡುಕೂದಲ್ಲ, ಅಕ್ಷರದ ಚಹರೆ ಹುಡುಕೂದು, ಚುಕ್ಕಿ ಇಟ್ರೆ ಯಾವ ಅಕ್ಷರ ಆದ್ರೂ ಅಡ್ಡಿಯಿಲ್ಲ, ನಕ್ಷತ್ರ ಇಟ್ರೆ ಎಷ್ಟಾದ್ರೂ ಅಡ್ಡಿಯಿಲ್ಲ. ಪುಟದಲ್ಲಿ ಎರಡು ಡಬ್ಬಿ ಮಾಡಿದಳು, ಮೇಲಿನದರಲ್ಲಿ ಪ್ಯಾಟರ್ನ್, ಕೆಳಗಿನದರಲ್ಲಿ ಒಡಪು, ಕೆಳಗೊಂದು ಗುಂಡಿ, ನೋಡು ಅಂತ. ಮೊದಲು ಆ ಹಳೇ ನೆಟ್‌ಸ್ಕೇಪಿಗೆ ಈ ವಿದ್ಯೆಯೇ ತಿಳಿಯದು, ಕೆಂಪಗೆ ಬೈದುಬಿಟ್ಟಿತು, ಮೇಷ್ಟ್ರು ಶಿವಮೊಗ್ಗಕ್ಕೆ ಹೋಗಿ ಯಾವುದೋ ಪತ್ರಿಕೆಯ ಜೊತೆ ಬರುವ ಸಿಡಿಯಲ್ಲಿ ಹೊಸದನ್ನು ತಂದರು, ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಯಾರೂ ಒರಗದ ಹಾಗೆ. ನಮ್ಮ ಕಡೆ ಗಂಡಸರೆಲ್ಲ ಅಪ್ಪಂದಿರೇ, ಯಲ್ಲಪ್ಪ, ಮಲ್ಲೇಶಪ್ಪ, ಗುಡ್ಡಪ್ಪ, ಕೊನೆಗೆ ಪಿ ಪಿ ಎ ಇದ್ದರೆ ಗಂಡ ಅಂತ ಬರೆಯಮ್ಮಾ ಎಂದರು ಮೇಷ್ಟ್ರು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಆಗ, ಬರೆದಳು, ಮೊದಲ ಒಡಪು ಯಲ್ಲಪ್ಪನ ಹೆಂಡತಿ ವರದಮ್ಮಂದು, ಹೋಳಿಗಿ ಮ್ಯಾಲೆ ಹೊಯ್ದಾರೆ ತುಪ್ಪ, ಹೊಸ್ತಿಲಾಗೆ ನಿಂತು ಕರೀತಾರೆ — ಅಂದವಳು ಬಾಯಿ ಮುಚ್ಚಿ ಕಿಟಕಿಯಿಂದ ಕೆಳಗೆ ಕೈ ತೋರಿಸಿದಳು, ಸೈಕಲ್ ಅಂಗಡಿಯ ಬೋರ್ಡು, ಕ್ಷಮಾ ಬಗ್ಗಿ ಓದಿಕೊಂಡು ಯಲ್ಲಪ್ಪ ಎಂದು ಒತ್ತಿದಳು, ನೋಡು ಗುಂಡಿ, ಟಕ್, ಬೂದುಬಣ್ಣದ ಪೆಟ್ಟಿಗೆ, ಅದರೊಳಗೆ ಸಿಕ್ಕಿದ ಗಂಡನ ಹೆಸರು — ತುಪ್ಪ. ವರದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ತಪ್ಪೇನಿಲ್ಲ ಬಿಡ್ರಿ, ನಮ್ಮೋರು ಹಂಗೇ ಅದಾರ, ಸ್ವಲ್ಪ ಬಿಸಿ ಮಾಡಿದ್ರೆ ಕರಗ್ತಾರ. ಆ ದಿನವೆಲ್ಲ ಕೆಳಗೆ ಅಂಗಡಿಯಲ್ಲಿ ಯಲ್ಲಪ್ಪನನ್ನು ತುಪ್ಪದ ಯಲ್ಲಪ್ಪ ಅಂದರು. ಹಾಗಾದರೆ ಮೊದಲಕ್ಷರ ದೊಡ್ಡದಿರಬೇಕು ಅನ್ನುವಾ, ಹೆಸರಿಗೆ ದೊಡ್ಡದು, ತುಪ್ಪಕ್ಕೆ ಸಣ್ಣದು, ಒಂದು ದೊಡ್ಡಕ್ಷರ, ಅದರ ಹಿಂದೆ ಎಷ್ಟಾದರೂ ಸಣ್ಣಕ್ಷರ, ಕಡೆಗೆ ಪಿ ಪಿ ಎ, ಒತ್ತಿದರೆ ಯಲ್ಲಪ್ಪ ಸಿಕ್ಕಿದ, ಮೂವರೂ ಕೈ ತಟ್ಟಿದರು, ಕಳೆದುಹೋದ ಎಮ್ಮೆ ಸಿಕ್ಕ ಹಾಗೆ.

ಉಳಿದ ಒಡಪೆಲ್ಲ ಬರೆದುಕೊಂಡವಳು ನೀಲಾಂಬಿಕೆ, ಅವಳ ಬೆರಳು ಮೇಷ್ಟ್ರ ಶಿಷ್ಯರೆಲ್ಲರಿಗಿಂತ ಚುರುಕು, ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತು ಹೇಳುವುದು, ಇವಳು ಒತ್ತುವುದು, ಎಲೆ ಅಡಿಕೆ, ನಗು, ಒಬ್ಬಳ ಪದಕ್ಕೆ ಇನ್ನೊಬ್ಬಳು ತಿದ್ದುಪಡಿ, ಮೇಷ್ಟ್ರನ್ನು ಹೊರಗೆ ಹಾಕಿದ್ದರು, ಗಂಡಸರಿಗೆ ಪ್ರವೇಶವಿಲ್ಲ, ಮೆಟ್ಟಿಲ ಮೇಲೆ ಕೂತು ನಗು ಕೇಳುತ್ತಿದ್ದರು, ಈಗಲೂ ಕೇಳಿಸುತ್ತದೆ, ಆ ಬೆಂಚಿನಲ್ಲಿ ಈಗ ಯಾರು ಉಳಿದಿದ್ದಾರೆ — ಇರಲಿ. ಎಲ್ಲ ಮುಗಿದು ನೋಡು ಗುಂಡಿ ಒತ್ತಿದರೆ ಒಂದೂ ಸಿಗಲಿಲ್ಲ. ಹಳದಿ ತ್ರಿಕೋನ, ಅದರ ಪಕ್ಕ ಇಂಗ್ಲಿಷಿನಲ್ಲಿ ನಲ್. ಇನ್ನೊಂದು ಒಡಪು, ನಲ್. ಅದೇನದು ನಲ್, ಅಂದಳು ನೀಲಾಂಬಿಕೆ, ಸಿಗ್ಲಿಲ್ಲ ಅಂತ ಅಕ್ಕ, ಅಂದಳು ಕ್ಷಮಾ, ಮುಖ ಸಣ್ಣದಾಗಿತ್ತು, ನಾಡಿದ್ದೇ ವಾರ್ಷಿಕೋತ್ಸವ, ಪ್ಯಾಟರ್ನ್ ಬಿಚ್ಚಿ ಕಟ್ಟಿದಳು, ನಕ್ಷತ್ರ ತೆಗೆದಳು, ಕೂಡಿಸು ಗುರುತು ಹಾಕಿದಳು, ಆವರಣ ಹಾಕಿದಳು, ಉಳವಿ ಬಸ್ಸು ತಪ್ಪಿಸಿಕೊಂಡು ಮೇಷ್ಟ್ರ ಮನೆಯಲ್ಲೇ ಉಂಡಳು, ಊಟದ ಎಲೆಯ ಮೇಲೂ ಬೆರಳಿನಲ್ಲಿ ಬರೆಯುತ್ತಿದ್ದಳು, ಬೆಳಿಗ್ಗೆ ಎದ್ದು ಮೊದಲ ಸಲ ಮೇಲಿನ ಡಬ್ಬಿ ಬಿಟ್ಟು ಕೆಳಗಿನ ಡಬ್ಬಿ ನೋಡಿದಳು, ಅಯ್ಯೋ ಸರ್, ಪ್ಯಾಟರ್ನ್ ಸಮ ಉಂಟು, ಗಂಡಂದಿರೇ ಇಲ್ಲ! ಹೆಸರಿನ ಜಾಗದಲ್ಲೆಲ್ಲ ಬರೀ ಚುಕ್ಕಿ, ಚುಕ್ಕಿ, ಚುಕ್ಕಿ. ಹೊಸ್ತಿಲ ಮುಂದಿನ ಆ ಒಂದು ದಿನ ಬಿಟ್ಟರೆ ಮತ್ತೆ ಬಾಯಿಬಿಟ್ಟು ಅನ್ನದ ಹೆಸರನ್ನು ಬೆಂಚಿನ ಮೇಲೆ ಕೂತು ಅನ್ನುವವರು ಯಾರು, ಆ ಜಾಗ ಬಂದಾಗ ಕೆಲವರು ಸುಮ್ಮನಾದರು, ಕೆಲವರು ಇವರು ಅಂದರು, ಒಬ್ಬಾಕೆ ಬಳೆ ಅಲುಗಿಸಿದಳಂತೆ, ನೀಲಾಂಬಿಕೆ ಅದಕ್ಕೆಲ್ಲ ಚುಕ್ಕಿ ಇಟ್ಟಿದ್ದಳು. ಚುಕ್ಕಿ ಅಂದ್ರೆ ಯಾವುದಾದ್ರೂ ಅಂತ ನೀನೇ ಹೇಳಿದ್ಯಲ್ಲವ್ವ, ಎಂದು ಅವಳು ಕೇಳಿದಳು. ಅಕ್ಷರದ ಜಾಗದಲ್ಲಿ ಯಾವುದಾದ್ರೂ ಆಗ್ತದೆ ಅಕ್ಕಾ, ಗಂಡನ ಜಾಗದಲ್ಲಿ ಯಾರಾದ್ರೂ ಅಂದ್ರೆ ಆಗ್ತದಾ ಮಾರಾಯ್ತಿ, ಅಂದಳು ಕ್ಷಮಾ, ಮೇಷ್ಟ್ರು ನಗಲು ಹೋಗಿ ನಿಲ್ಲಿಸಿದರು, ಒಳಗಿನ ಮುಳ್ಳು ಅಲ್ಲೇ ಆಡಿತು, ಯಾರಾದರೂ.

ಹೆಂಗಸರ ಗಂಡಂದಿರೆಲ್ಲ ಮೇಷ್ಟ್ರಿಗೆ ಗೊತ್ತು, ಅವರೇ ಕೂತು ಒಂದೊಂದೇ ಚುಕ್ಕಿ ಅಳಿಸಿ ಹೆಸರು ಹಾಕಿದರು, ಮೊದಲಕ್ಷರ ದೊಡ್ಡದು, ಉಳಿದದ್ದು ಸಣ್ಣದು, ಟೈಪಿಂಗಿನ ಶಾಸ್ತ್ರ, ಒತ್ತಿದ ಹಾಗೆಲ್ಲ ಹೆಸರು ಸಿಗುತ್ತಾ ಹೋಯಿತು, ಕ್ಷಮಾಳ ಮುಖಕ್ಕೆ ಬಣ್ಣ ಬಂತು, ಕಡೆಗೆ ಉಳಿದದ್ದು ಒಂದು, ಕೆರಿ ಏರಿ ಮ್ಯಾಲೆ ಹುಣಸೀ ನೆರಳು, ಜಡೆಯಿಂದ ಬಂದೀನಿ ಮುಡಕೊಂಡು ಹೆರಳು, ಆಮೇಲೆ ಚುಕ್ಕಿ ಚುಕ್ಕಿ ಚುಕ್ಕಿ, ಆಮೇಲೆ, ನವರ ಕೈಯಾಗೈತೆ ನನ್ನ ಕಿರುಬೆರಳು. ಮೇಷ್ಟ್ರು ಆ ಸಾಲು ಮೊದಲ ಸಲ ಓದಿದ್ದು ಅವತ್ತು. ಇದೇನಾ, ಡೋಲು ನುಂಗಿದ್ದು ಇದೇ ಏನು, ಇಷ್ಟು ವರ್ಷ ಇದು ಇವಳ ಹೊಟ್ಟೆಯಲ್ಲಿ ಕೂತಿತ್ತೇ — ಆ ಚುಕ್ಕಿಯೊಳಗೆ ಯಾರಿದ್ದಾರೆ, ಅವರೇ ಹಾಕಿಬಿಡಬಹುದಿತ್ತು, ತಮ್ಮ ಹೆಸರು ತಮಗೆ ಬರುವುದಿಲ್ಲವೇ, ಬೆರಳು ಕೀಲಿಗಳ ಮೇಲೆ ಇಟ್ಟರು, ತೆಗೆದರು. ನಿಂದು ನೀನೇ ಒತ್ತು, ಅಂದರು. ಅವಳು, ಛೀ, ಹೇಳಬಾರದು, ಅಂದಳು. ಹೇಳಬಾರದು ಅಂತ ಐತೆ, ಒತ್ತಬಾರದು ಅಂತ ಯಾವ ಶಾಸ್ತ್ರದಾಗೈತೆ ತೋರಿಸು. ಅವಳು ಕ್ಷಮಾಳ ಕಡೆ ನೋಡಿದಳು, ಕ್ಷಮಾ, ಬೆರಳಿಗೆ ನಾಲಿಗೆ ಇಲ್ಲ ಅಕ್ಕ, ಅಂದಳು. ನೀಲಾಂಬಿಕೆ ಕೂತಳು, ಬುತ್ತಿಯ ಚಿತ್ರಾನ್ನ ಕಲಸಿ ಬಂದಿದ್ದಳು, ಉಗುರಿನ ಸುತ್ತ ಅರಿಶಿನ, ನೀವು ಆ ಕಡೆ ತಿರುಗ್ರಿ, ಅಂದಳು, ತಿರುಗಿದರು, ಗೋಡೆಯ ಕ್ಯಾಲೆಂಡರು ಗಾಳಿಗೆ ಬಡಿದುಕೊಳ್ಳುತ್ತಿದೆ, ಫ್ಯಾನು ಕಿರ್ರೋ ಅನ್ನುತ್ತಿದೆ, ಕೀಲಿ ಒತ್ತುವ ಸದ್ದು, ಸದ್ದಿನಿಂದಲೇ ಯಾವ ಅಕ್ಷರ ಅಂತ ಹೇಳಬಲ್ಲವರು ಮೇಷ್ಟ್ರು, ಟೈಪ್‌ರೈಟರಿನಲ್ಲಾಗಿದ್ದರೆ ಹೇಳುತ್ತಿದ್ದರು, ಈ ಪ್ಲಾಸ್ಟಿಕ್ಕಿನಲ್ಲಿ ಎಲ್ಲವೂ ಒಂದೇ, ಮುಗೀತು ಅಂದಳು, ಟಕ್, ನೋಡು ಗುಂಡಿ. ಅವರು ತಿರುಗಿದರು. ಹಳದಿ ತ್ರಿಕೋನ. ನಲ್.

ಇಲ್ಲ. ಹೆಸರಿಲ್ಲ. ಒಡಪು ಆ ಪೆಟ್ಟಿಗೆಯ ಹಿಂದೆ ಮುಚ್ಚಿಹೋಗಿದೆ, ಕಾಣುವುದು ತ್ರಿಕೋನ ಮಾತ್ರ, ಎಲ್ಲರ ಗಂಡಂದಿರನ್ನೂ ಹುಡುಕಿಕೊಟ್ಟ ಪ್ಯಾಟರ್ನಿಗೆ ಇವಳ ಒಡಪಿನಲ್ಲಿ ಮಾತ್ರ ಯಾರೂ ಕಾಣುತ್ತಿಲ್ಲ, ಮತ್ತೆ ಚುಕ್ಕಿಯನ್ನೇ ಒತ್ತಿದಳೇ, ನಾನು ತಿರುಗಿ ನಿಂತಿದ್ದಾಗ ಸುಮ್ಮನೆ ಕೀಲಿ ಬಡಿದಳೇ, ತೊಗರ್ಸಿಯ ಬಾಗಿಲಲ್ಲಿ ತುಟಿ ಅಲುಗಿಸಿದ ಹಾಗೆಯೇ, ಅಕ್ಕ ಹೇಳಿದ್ದೇ ನಿಜವೇ ಹಾಗಾದರೆ, ಇಷ್ಟು ಕಾಲ ಮಹಾದೇವಮ್ಮನ ಮಾತಿಗೆ ನಕ್ಕದ್ದೆಲ್ಲ — ಹೋಗಲಿ ಬಿಡೇ, ಅಂದರು ಮೇಷ್ಟ್ರು, ಹಾಗಂದದ್ದು ಅವರಿಗೂ ಸರಿಯಾಗಿ ಕೇಳಿಸಲಿಲ್ಲ. ನೀಲಾಂಬಿಕೆ ಅವರ ಮುಖ ನೋಡಿದಳು, ಯಂತ್ರದ ಮುಖ ನೋಡಿದಳು, ಪೆಟ್ಟಿಗೆಯನ್ನು ಮುಚ್ಚಿದಳು, ಇನ್ನೊಮ್ಮೆ ಒತ್ತಿದಳು, ನಲ್, ಮುಚ್ಚಿದಳು, ಮತ್ತೆ ಒತ್ತಿದಳು, ನಲ್, ಅದನ್ನೂ ಮುಚ್ಚಿದಳು, ಇಲ್ಲ ಅಂತಾನಾ ಇವನು, ಅಂದಳು, ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಬಿತ್ತು, ಕಣ್ಣು ಹೊಟ್ಟಿಹೋಗ್ಯಾವೇನೋ ನಿನಗೆ, ಇಷ್ಟುದ್ದ ಬರೆದೀನಿ, ಕಾಣಂಗಿಲ್ವಾ, ನೋಡು, ಇಲ್ಲಿ, ಗುಡ್ಡಪ್ಪ, ಗುಡ್ಡಪ್ಪ ಅಂತ ಐತಲ್ಲೋ! — ಬೆರಳು ಗಾಜಿಗೆ ತಾಗಿತು, ಗಾಜು ಚಿಟಿಚಿಟಿ ಅಂದಿತು, ಆಗಿನ ಪರದೆಗಳು ಮುಟ್ಟಿದರೆ ಹಾಗೆ ಅನ್ನುತ್ತಿದ್ದವು, ತೋಳಿನ ರೋಮ ಎದ್ದು ನಿಲ್ಲುತ್ತಿತ್ತು, ಬೆರಳಿನ ತುದಿಯ ಕೆಳಗೆ ಉದ್ದಕ್ಕೂ ದೊಡ್ಡಕ್ಷರ, ಮೊದಲಿನಿಂದ ಕೊನೆತನಕ ಒಂದೂ ಸಣ್ಣದಿಲ್ಲ. ಕ್ಷಮಾ ಬಗ್ಗಿ ನೋಡಿ, ಅಯ್ಯಯ್ಯೋ ಅಕ್ಕಾ, ಎಲ್ಲ ದೊಡ್ಡಕ್ಷರ ಹಾಕಿದೀರಿ, ಮೊದಲನೇದು ಮಾತ್ರ ದೊಡ್ಡದಿದ್ರೆ ಸಾಕಿತ್ತು, ಅದಕ್ಕೇ ಸಿಗಲಿಲ್ಲ ಅದಕ್ಕೆ, ಅಂದಳು. ನೀಲಾಂಬಿಕೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಮತ್ತೆ, ಕಟ್ಟಿಕೊಂಡೋರ ಹೆಸರನ್ನ ಸಣ್ಣಕ್ಷರದಾಗೆ ಬರೀತಾರೇನವ್ವ ಯಾರಾದ್ರೂ, ಅಂದಳು.

ಆಮೇಲೆ ಅವಳಿಗೆ ಗೊತ್ತಾಯಿತು ಬಾಯಿಂದ ಏನು ಬಂತು ಅಂತ. ನಾಲಿಗೆ ಕಚ್ಚಿಕೊಂಡಳು, ಸೆರಗು ಬಾಯಿಗೆ ಹೋಯಿತು, ಕ್ಷಮಾ ಬಲು ಬೆರಿಕಿ ಹುಡುಗಿ, ಬಸ್ಸು ಬಂತೇನೋ ನೋಡ್ತೆ ಸರ್, ಎಂದು ಮೆಟ್ಟಿಲು ಇಳಿದೇಬಿಟ್ಟಳು, ಆ ಹೊತ್ತಿಗೆ ಯಾವ ಬಸ್ಸೂ ಇರಲಿಲ್ಲ. ಕೇಳಿಸ್ತೇನ್ರೀ, ಅಂದಳು ನೀಲಾಂಬಿಕೆ, ಸೆರಗಿನೊಳಗಿಂದ. ಕಣ್ಣಲ್ಲಿ ಅಷ್ಟು ಹೆದರಿಕೆ, ಕೇಳಿಸಿತು ಅಂದಿದ್ದರೆ ಅವಳು ಆ ಕೋಣೆಗೆ ಮತ್ತೆ ಕಾಲಿಡುತ್ತಿರಲಿಲ್ಲ, ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅವರಮ್ಮ ತುಂಬಿದ್ದಳಲ್ಲ ತಲೆಗೆ. ಏನು, ಅಂದರು ಮೇಷ್ಟ್ರು, ಈ ಫ್ಯಾನಿನ ಸದ್ದಿನಾಗೆ ಏನು ಕೇಳಿಸ್ತದೆ. ಅವಳು ಸೆರಗು ಬಿಟ್ಟಳು, ಉಸಿರು ಬಿಟ್ಟಳು, ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದಳು, ಅವತ್ತು ವಾಲಗ, ಇವತ್ತು ಫ್ಯಾನು, ನಿಮ್ಮ ಕಿವಿಗೆ ನನ್ನ ಮಾತು ಬೀಳೋ ಯೋಗಾನೇ ಇಲ್ಲ ಬಿಡ್ರಿ, ಅಂದಳು. ಅವತ್ತು ವಾಲಗ ಅಂದಳು. ಅವತ್ತು ಅಂದಳಲ್ಲ. ಮೇಷ್ಟ್ರು ಕ್ಯಾಲೆಂಡರಿನ ಕಡೆ ತಿರುಗಿ ನಿಂತರು, ಯಾವ ತಿಂಗಳು ಅಂತಲೂ ಕಾಣಲಿಲ್ಲ.

ಕ್ಷಮಾ ಬಂದು ದೊಡ್ಡ ಸಣ್ಣ ಎಲ್ಲ ಒಂದೇ ಅಂತ ಪ್ಯಾಟರ್ನಿನ ಕಡೆಗೊಂದು ಅಕ್ಷರ ಸೇರಿಸಿದಳು, ಹಾಗೆ ಮಾಡಿದರೆ ಮತ್ತೆ ತುಪ್ಪ ಸಿಗುತ್ತದೆ ಅಂತ ತೆಗೆದಳು, ಅಕ್ಕ ನೀವೇ ಸಣ್ಣಕ್ಷರ ಮಾಡಿ ಅಂದಳು, ನೀಲಾಂಬಿಕೆ ಒಪ್ಪಲಿಲ್ಲ, ಕಡೆಗೆ ಅವಳೊಬ್ಬಳ ಒಡಪಿಗೆ ಬೇರೆಯೇ ಪ್ಯಾಟರ್ನ್ ಬರೆದದ್ದಾಯಿತು, ವಾರ್ಷಿಕೋತ್ಸವದಲ್ಲಿ ಹುಡುಗಿಯರು ಮುಗಿಬಿದ್ದರು, ಯಾರೋ ಒಬ್ಬಳು ಸಿನಿಮಾ ನಟನ ಹೆಸರು ಒತ್ತಿ ಬೈಸಿಕೊಂಡಳು, ಆ ಕಂಪ್ಯೂಟರ್ ಹೋಯಿತು, ಮಹಡಿ ಹೋಯಿತು, ಅಲ್ಲೀಗ ಮೊಬೈಲ್ ಅಂಗಡಿ, ಕ್ಷಮಾ ಎಲ್ಲಿದ್ದಾಳೋ. ನಾನು ಕೇಳಿಸಲಿಲ್ಲ ಅಂದೆನಲ್ಲ, ಅದನ್ನೇ ಹಿಡಿದುಕೊಂಡು ನಾನೆಲ್ಲಿ ಹೇಳೀನಿ ಅನ್ನುತ್ತಾಳೆ ಇವಳು, ಅನ್ನಲಿ, ಅವಳ ಸಂಕೋಚ ಅವಳಿಗಿರಲಿ, ಆದರೆ ನಾಳೆ ಮದುವೆಮನೆ ತುಂಬಾ ಹುಡುಗಿಯರ ಮುಂದೆ ಮಹಾದೇವಮ್ಮ ಮತ್ತೆ ಅದನ್ನೇ ಅಂದರೆ, ಇವಳು ಮತ್ತೆ ನಕ್ಕರೆ, ಆ ನಗೆಯನ್ನು ಇನ್ನೊಂದು ಸಲ ನೋಡಲು ಮೇಷ್ಟ್ರಿಗೆ ಆಗದು. ಹೆಬ್ಬೆರಳು ಇಳಿಯಿತು, ಮೈಕು ಅರಳಿತು, ಬೈಗುಳ ಎಲ್ಲಿ ಹೋಯಿತೋ, ಕಥೆ ಎಲ್ಲಿಂದ ಶುರುಮಾಡಬೇಕೋ, ಕಣ್ಣ ಮುಂದೆ ಗಾಜು, ಗಾಜಿನ ಮೇಲೆ ಬೆರಳು, ಮರುದಿನ ಕ್ಷಮಾ ಒರೆಸಲು ಬಟ್ಟೆ ತಂದಾಗ ಮೇಷ್ಟ್ರು ಬೇಡವೆಂದು ತಡೆದ ಅರಿಶಿನದ ಗುರುತು, ಹೆಸರಿನ ಕೆಳಗೆ ಎಳೆದ ಗೀಟಿನ ಹಾಗೆ, ಸೆಕೆಂಡು ಓಡುತ್ತಿವೆ, ಏನಾದರೂ ಅನ್ನಬೇಕು, ಈಶ್ವರಾ, ಅಂದರು ಮೇಷ್ಟ್ರು, ಜಗಲಿಗೆ ಕೇಳಿಸದ ಹಾಗೆ ಮೆಲ್ಲಗೆ, ಇದನ್ನ ನಿಮ್ಮವ್ವನ ಕಿವಿಗೆ ಹಿಡಿದು ಕೇಳಿಸು, ಆಕಿ ಕೇಳಿದ ಮ್ಯಾಲೆ ಸೌಂದರ್ಯಂಗೂ ಕೊಡು, ಆಕಿ ಮುಂದಿನೋರಿಗೆ ಹೇಳಲಿ, ನಿಮ್ಮತ್ತೆ ಹೇಳಿದ್ದಳು ಕಣೋ, ಎರಡು ಸಲಾನೂ ಹೇಳಿದ್ದಳು — ಗಾಜಿನ ಮೇಲೆ ಬೆರಳು, ಬೆರಳಿನ ತುದಿಗೆ ಅರಿಶಿನ —